ಊರ್ವಶಿ ಮತ್ತು ಕ್ರಿಸ್‌ಮಸ್ ಮರ: ಅಪರೂಪದ ಹೂಮರವನ್ನು ಎಲ್ಲೆಡೆ ಕಾಣುವ ಶಂಕುಧಾರಿಯೊಡನೆ ಹೋಲಿಸುವ ಕ್ರಮ

ಬೈಕುಲಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವನ್ನು ಮುಂಬಯಿಯವರು ಇಂದಿಗೂ ರಾಣಿಬಾಗ್ ಎಂದೇ ಕರೆಯುತ್ತಾರೆ. ಊರಿನಿಂದ ಬಂದ ನೆಂಟರನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ಕಡಿಮೆ. ಹೆಚ್ಚಿನವರು ಪೆಂಗ್ವಿನ್ ಮತ್ತು ಹುಲಿಯನ್ನು ನೋಡಿ, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ಹಿಂದಿರುಗುತ್ತಾರೆ. ಆದರೆ 1862ರಲ್ಲಿ ಸಾರ್ವಜನಿಕರಿಗೆ ತೆರೆದ ಈ ತೋಟ ಹುಟ್ಟಿದ್ದು ಸಸ್ಯೋದ್ಯಾನವಾಗಿ. ಪ್ರಾಣಿಗಳು ಬಂದದ್ದು ಆಮೇಲೆ. ಇಲ್ಲಿರುವ ಊರ್ವಶಿ ಮರವನ್ನು ಜಗತ್ತಿನ ಅತ್ಯಂತ ಸುಂದರವಾದ ಹೂಮರಗಳಲ್ಲಿ ಒಂದೆಂದು ಸಸ್ಯಪ್ರಿಯರು ಎಣಿಸುತ್ತಾರೆ. ಇನ್ನೊಂದೆಡೆ, ಮುಂಬಯಿಯ ಹಳೆಯ ಬಂಗಲೆಗಳ ಅಂಗಳದಲ್ಲಿ, ಪುಣೆಯ ಕ್ಯಾಂಟೋನ್ಮೆಂಟಿನಲ್ಲಿ, ಗೋವಾದ ಚರ್ಚುಗಳ ಆವರಣದಲ್ಲಿ ಗೋಪುರದಂತೆ ನಿಂತಿರುವ ಕ್ರಿಸ್‌ಮಸ್ ಮರವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಈ ಎರಡನ್ನು ಕ್ರಮವಾಗಿ ಹೋಲಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಒಂದಕ್ಕೆ ಹೂವಿದೆ, ಇನ್ನೊಂದಕ್ಕಿಲ್ಲ ಎಂದು ಎರಡು ಸಾಲು ಬರೆದು ಮುಗಿಸಬಹುದಾದ ಕೆಲಸವೇನೋ ಹೌದು; ಆದರೆ ಸರಿಯಾಗಿ ಹೋಲಿಸಿದವರಿಗೆ ಒಂದು ಏಕೆ ಅಪರೂಪವಾಯಿತು, ಇನ್ನೊಂದು ಏಕೆ ಊರೂರಿಗೆ ಹರಡಿತು ಎಂಬುದಕ್ಕೂ ಮರದ ಮೈಯಲ್ಲೇ ಉತ್ತರ ಸಿಗುತ್ತದೆ. ಆ ಉತ್ತರದ ಕಡೆಗೇ ಕೆಳಗಿನ ಹಂತಗಳು ಸಾಗುತ್ತವೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ದರ್ಜಿಗಳ ಅಳತೆ ಟೇಪು, ಉದ್ದನೆಯ ದಾರಕ್ಕೆ ಕಟ್ಟಿದ ಒಂದು ತೂಕದ ಗುಂಡು, ಒಂದು ಹೊಸ ಬ್ಲೇಡು, ಚೌಕಾಕಾರದ ಕಾಗದ, ನೋಟುಬುಕ್ಕು ಮತ್ತು ದಿಕ್ಸೂಚಿಯಿರುವ ಮೊಬೈಲ್ ಸಾಕು. ದುರ್ಬೀನು ಇದ್ದರೆ ಒಳ್ಳೆಯದು. ರಾಣಿಬಾಗ್‌ಗೆ ಬುಧವಾರ ರಜೆ ಎಂಬುದು ನೆನಪಿರಲಿ.

ಮೊದಲ ಹಂತ: ಎದುರಿಗಿರುವ ಮರ ಯಾವುದೆಂದು ಖಚಿತಪಡಿಸಿಕೊಳ್ಳುವುದು

ಹೋಲಿಕೆಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ನನ್ನ ವಿಷಯದಲ್ಲೂ ಹಾಗೆಯೇ ಆಯಿತು. ನಮ್ಮ ಸೊಸೈಟಿಯ ಮರಕ್ಕೆ ನರ್ಸರಿಯವರು ಕಟ್ಟಿಕೊಟ್ಟ ಚೀಟಿಯಲ್ಲಿ ‘ನಾರ್ಫಾಕ್ ಪೈನ್’ ಎಂದಿದ್ದುದನ್ನು ನಂಬಿ, ಎರಡು ವರ್ಷ ಅದೇ ಹೆಸರಿನಲ್ಲಿ ಟಿಪ್ಪಣಿ ಬರೆದೆ. ಅದು ನಾರ್ಫಾಕ್ ಆಗಿರಲಿಲ್ಲ. ಯಾವ ಪೈನ್ ಮರವೂ ಆಗಿರಲಿಲ್ಲ.

ನಾವು ಕ್ರಿಸ್‌ಮಸ್ ಮರ ಎನ್ನುವುದು ಅರೌಕೇರಿಯಾ ಎಂಬ ಕುಲದ ಶಂಕುಧಾರಿ, ಅಂದರೆ ಹೂವಿನ ಬದಲು ಶಂಕು (ಕೋನ್) ಬಿಡುವ ಮರ. ನಿಜವಾದ ಪೈನ್ ಮರದಲ್ಲಿ ಸೂಜಿಯೆಲೆಗಳು ಎರಡು, ಮೂರು ಅಥವಾ ಐದರ ಕಟ್ಟುಗಳಾಗಿರುತ್ತವೆ. ಅರೌಕೇರಿಯಾದಲ್ಲಿ ಕಟ್ಟುಗಳಿಲ್ಲ, ಒಂದೊಂದು ಎಲೆಯೂ ಬಿಡಿಯಾಗಿ ರೆಂಬೆಗೆ ಅಂಟಿರುತ್ತದೆ. ಈ ಕುಲದ ಎರಡು ಜಾತಿಗಳು ನಮ್ಮ ಭಾಗದಲ್ಲಿ ಬೆಳೆಯುತ್ತವೆ. ನಾರ್ಫಾಕ್ ದ್ವೀಪದಿಂದ ಬಂದ ಅರೌಕೇರಿಯಾ ಹೆಟರೋಫಿಲ್ಲಾ ನೇರವಾಗಿ, ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಚೂಪಾಗಿ ಬೆಳೆಯುತ್ತದೆ. ಅದರ ಕೊಂಬೆಗಳ ಸುತ್ತುಗಳ ನಡುವೆ ಆಕಾಶ ಕಾಣುವಷ್ಟು ಅಂತರವಿರುತ್ತದೆ. ನ್ಯೂ ಕ್ಯಾಲಿಡೋನಿಯಾದ ಅರೌಕೇರಿಯಾ ಕೊಲಮ್ನಾರಿಸ್, ಅಂದರೆ ಕುಕ್ ಪೈನ್, ಕಂಬದಂತೆ ಕಿರಿದಾಗಿ, ಗಿಡ್ಡ ಕೊಂಬೆಗಳೊಂದಿಗೆ ಎತ್ತರಕ್ಕೆ ಏರುತ್ತದೆ. ಅದರ ತೊಗಟೆ ತೆಳು ಪಟ್ಟಿಗಳಾಗಿ ಸುಲಿಯುತ್ತದೆ, ಮರ ತುಸು ವಾಲಿರುತ್ತದೆ. ಉಷ್ಣವಲಯದ ಊರುಗಳಲ್ಲಿ ನಾರ್ಫಾಕ್ ಎಂಬ ಹೆಸರಿನಲ್ಲಿ ನೆಟ್ಟ ಬಹುಪಾಲು ಮರಗಳು ಕುಕ್ ಪೈನ್‌ಗಳೇ. ಕುಂಡದಲ್ಲಿರುವ ಎಳೆಯ ಗಿಡಗಳಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಆದ್ದರಿಂದ ಹೋಲಿಕೆಗೆ ಕುಂಡದ ಗಿಡ ಬೇಡ.

ಗೋವಾದಲ್ಲಿರುವ ಓದುಗರು ಇನ್ನೊಂದು ಮೋಸದಿಂದ ಪಾರಾಗಬೇಕು. ಕಡಲತೀರದ ಗಾಳಿಮರ, ಕೆಲವರು ಸರ್ವೆ ಎನ್ನುವುದು, ನೋಡಲು ಪಕ್ಕಾ ಶಂಕುಧಾರಿಯಂತಿದೆ. ಅದರ ಒಂದು ‘ಸೂಜಿ’ಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಗೆಣ್ಣುಗೆಣ್ಣಾಗಿ ಬಿಚ್ಚಿಕೊಳ್ಳುತ್ತದೆ, ಪ್ರತಿ ಗೆಣ್ಣಿನ ಅಂಚಿನಲ್ಲಿ ಹಲ್ಲಿನಂಥ ಸಣ್ಣ ಎಲೆಗಳ ಸುತ್ತು ಮಸೂರದಲ್ಲಿ ಕಾಣುತ್ತದೆ. ಸೂಜಿಯೆಂದು ಭಾವಿಸಿದ್ದು ಕಡ್ಡಿ, ಅದರ ಶಂಕು ನಿಜವಾಗಿ ಮರಗಟ್ಟಿದ ಕಾಯಿಗಳ ಗೊಂಚಲು, ಮತ್ತು ಅದು ಹೂಬಿಡುವ ಮರ. ಹಾಗೆಯೇ ಹೌಸಿಂಗ್ ಸೊಸೈಟಿಗಳ ಗೋಡೆಗುಂಟ ನೆಟ್ಟ, ಕಂಬದಂತೆ ಬೆಳೆಯುವ ‘ಅಶೋಕ’ವೂ ಶಂಕುಧಾರಿಯಲ್ಲ, ಅದು ಸೀತಾ ಅಶೋಕವೂ ಅಲ್ಲ.

ಊರ್ವಶಿಯ ಗುರುತು ಸುಲಭ. ಅಮ್‌ಹರ್ಸ್ಟಿಯಾ ನೊಬಿಲಿಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಆ ಕುಲದಲ್ಲಿ ಅದೊಂದೇ ಜಾತಿ. ಮೂಲ ನೆಲೆ ಬರ್ಮಾ. 1820ರ ದಶಕದ ಕೊನೆಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ನಥಾನಿಯಲ್ ವಾಲಿಚ್ ಅವರು ಇದನ್ನು ಕಂಡದ್ದು ಕಾಡಿನಲ್ಲಿ ಅಲ್ಲ, ಸಾಲ್ವೀನ್ ನದಿಯ ಕಡೆಯ ಒಂದು ಬೌದ್ಧ ವಿಹಾರದ ತೋಟದಲ್ಲಿ. ಗುಹೆಗಳಲ್ಲಿನ ಬುದ್ಧ ಮೂರ್ತಿಗಳ ಮುಂದೆ ಇದರ ಹೂಗಳನ್ನು ಅರ್ಪಿಸಿದ್ದರು. ಗವರ್ನರ್ ಜನರಲ್ ಲಾರ್ಡ್ ಅಮ್‌ಹರ್ಸ್ಟ್ ಅವರ ಪತ್ನಿ ಮತ್ತು ಮಗಳ ಗೌರವಾರ್ಥ ವಾಲಿಚ್ ಅದಕ್ಕೆ ಈ ಹೆಸರಿಟ್ಟರು. ಕಾಡಿನಲ್ಲಿ ಈ ಮರವನ್ನು ಕಂಡ ದಾಖಲೆಗಳು ಆಮೇಲೂ ತೀರ ವಿರಳ.

ಊರ್ವಶಿ ಸಿಗದ ಊರಿನಲ್ಲಿ ಸೀತಾ ಅಶೋಕವನ್ನು ಇಟ್ಟುಕೊಂಡು ಇದೇ ಹೋಲಿಕೆ ಮಾಡಬಹುದು. ಅದು ಊರ್ವಶಿಯ ನೆಂಟ. ಕಾಡಿನಲ್ಲಿ ಅದೂ ಅಪಾಯಕ್ಕೊಳಗಾದ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಎರಡನೆಯ ಹಂತ: ಹೊತ್ತು ಮತ್ತು ಮಿತಿ

ಊರ್ವಶಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಹೂಬಿಡಲು ಆರಂಭಿಸಿ ಬೇಸಿಗೆಯ ಮೊದಲ ಭಾಗದವರೆಗೆ ಮುಂದುವರಿಯುತ್ತದೆ. ಫೆಬ್ರುವರಿಯ ಒಂದು ಮುಂಜಾನೆ ಹೋಗುವುದು ಒಳ್ಳೆಯದು. ಎರಡೂ ಮರಗಳನ್ನು ಒಂದೇ ವಾರದಲ್ಲಿ ನೋಡಿರಿ. ಒಂದನ್ನು ಮಳೆಗಾಲದಲ್ಲೂ ಇನ್ನೊಂದನ್ನು ಬೇಸಿಗೆಯಲ್ಲೂ ನೋಡಿ ಎಲೆಯ ಬಣ್ಣವನ್ನು ಹೋಲಿಸಿದರೆ, ನೀವು ಹೋಲಿಸಿದ್ದು ಋತುಗಳನ್ನೇ ಹೊರತು ಮರಗಳನ್ನಲ್ಲ. ಎರಡೂ ಕಾಯಿಬಿಡುವ ವಯಸ್ಸಿನ ಮರಗಳಾಗಿರಬೇಕು.

ಯಾವುದನ್ನೂ ಕೀಳಬಾರದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆಯಿದೆ. 2021ರ ತಿದ್ದುಪಡಿಯ ನಂತರ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ಮರಗಳೆಂಬ ಮಾನ್ಯತೆಯೂ ಇದೆ. ಗೋವಾದಲ್ಲಿ 1984ರ ಕಾಯ್ದೆಯಿದೆ. ಕಾಯ್ದೆ ಹಾಗಿರಲಿ, ಈ ಹೋಲಿಕೆಗೆ ಬೇಕಾದುದೆಲ್ಲ ನೆಲದ ಮೇಲೆಯೇ ಬಿದ್ದಿರುತ್ತದೆ. ಬೆಳಿಗ್ಗೆ ಕಸ ಗುಡಿಸುವವರು ಬರುವ ಮುಂಚೆ ಹೋಗಬೇಕು, ಅಷ್ಟೇ. ತೋಟದ ಮಾಲಿಗೆ ಮೊದಲೇ ಹೇಳಿಟ್ಟರೆ ಅವರೇ ಬಿದ್ದ ಹೂವನ್ನು ಎತ್ತಿಡುತ್ತಾರೆ. ಯಾವ ವರ್ಷ ಎಷ್ಟು ಹೂವಾಯಿತೆಂಬುದು ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೂರನೆಯ ಹಂತ: ಆಕಾರ, ಅಳತೆ ಮತ್ತು ವಾಲು

ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು. ಊರ್ವಶಿ ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ.

ಎತ್ತರಕ್ಕೆ ಕಾಗದದ ಉಪಾಯ ಸಾಕು. ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿದರೆ 45 ಡಿಗ್ರಿಯ ತ್ರಿಕೋನ ಸಿಗುತ್ತದೆ. ಅದರ ಒಂದು ಗಿಡ್ಡ ಅಂಚನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಉದ್ದ ಅಂಚಿನ ಗುಂಟ ನೋಡಿದಾಗ ಮರದ ತುದಿ ಕಾಣುವವರೆಗೆ ಹಿಂದೆ ಸರಿಯಿರಿ. ನೀವು ನಿಂತಲ್ಲಿಂದ ಮರಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರವನ್ನು ಕೂಡಿಸಿದರೆ ಮರದ ಎತ್ತರ. ಊರ್ವಶಿ ಹತ್ತು ಹನ್ನೆರಡು ಮೀಟರ್‌ಗೆ ನಿಲ್ಲುವ ಮರ. ಕುಕ್ ಪೈನ್ ತನ್ನ ನಾಡಿನಲ್ಲಿ 60 ಮೀಟರ್‌ವರೆಗೆ ಬೆಳೆಯುತ್ತದೆ. 1774ರಲ್ಲಿ ಕ್ಯಾಪ್ಟನ್ ಕುಕ್ ಅವರ ಹಡಗು ಆ ದ್ವೀಪಗಳನ್ನು ಸಮೀಪಿಸಿದಾಗ, ದೂರದಿಂದ ಕಂಡ ಈ ಮರಗಳನ್ನು ಕಲ್ಲಿನ ಕಂಬಗಳೆಂದು ಭಾವಿಸಿದವರೂ ಹಡಗಿನಲ್ಲಿದ್ದರು.

ಇನ್ನು ವಾಲು. ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಐದು ಖಂಡಗಳ 18 ಸ್ಥಳಗಳಲ್ಲಿ 256 ಕುಕ್ ಪೈನ್‌ಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಈ ಮರಗಳು ಎಲ್ಲೇ ಇದ್ದರೂ ಭೂಮಧ್ಯರೇಖೆಯ ಕಡೆಗೆ ವಾಲುತ್ತವೆ: ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಸರಾಸರಿ ವಾಲು 8.55 ಡಿಗ್ರಿ. ಭೂಮಧ್ಯರೇಖೆಯಿಂದ ದೂರ ಹೋದಂತೆ ವಾಲು ಹೆಚ್ಚುತ್ತದೆ. ಮುಂಬಯಿ ಸುಮಾರು 19 ಡಿಗ್ರಿ ಉತ್ತರದಲ್ಲಿದೆ, ಪುಣೆ 18.5, ಪಣಜಿ 15.5, ಆದ್ದರಿಂದ ನಮ್ಮ ಮರಗಳ ತುದಿ ದಕ್ಷಿಣಕ್ಕಿರಬೇಕು.

ಅಳೆಯುವ ಬಗೆ ಹೀಗೆ. ಮೊಬೈಲಿನ ದಿಕ್ಸೂಚಿಯಿಂದ ದಿಕ್ಕು ನೋಡಿ, ಮರದಿಂದ ನೇರ ಪೂರ್ವಕ್ಕೆ ದೂರ ಸರಿದು, ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿರಿ. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವಂತೆ ಗುಂಡು ಕಟ್ಟಿದ ದಾರವನ್ನು ಕೈಚಾಚಿ ಇಳಿಬಿಟ್ಟು, ದಾರ ಮರದ ತುದಿಯ ಮೇಲೆ ಹಾಯುವಂತೆ ಮಾಡಿರಿ. ಅದೇ ದಾರ ಮರದ ಬುಡದ ಮಟ್ಟದಲ್ಲಿ ಎಲ್ಲಿ ಹಾಯುತ್ತದೆಯೋ ಅಲ್ಲಿ ಜೊತೆಗಾರರು ಒಂದು ಕಲ್ಲಿಡಲಿ. ಕಾಂಡದ ನಡುವಿನಿಂದ ಆ ಕಲ್ಲಿಗಿರುವ ದೂರ, 10 ಮೀಟರ್ ಎತ್ತರಕ್ಕೆ 1.5 ಮೀಟರ್‌ನಂತೆ ಬಂದರೆ ವಾಲು ಸುಮಾರು 8.5 ಡಿಗ್ರಿ, 90 ಸೆಂಟಿಮೀಟರ್‌ನಂತೆ ಬಂದರೆ ಸುಮಾರು 5 ಡಿಗ್ರಿ. ಬಳಿಕ ದಕ್ಷಿಣದಿಂದಲೂ ಇದನ್ನೇ ಮಾಡಿ ಪೂರ್ವ-ಪಶ್ಚಿಮದ ವಾಲನ್ನು ನೋಡಬೇಕು. ವಾಲಿದ ಮರದ ಎತ್ತರ ಅಳೆಯುವಾಗ ದೂರವನ್ನು ಬುಡದಿಂದಲ್ಲ, ಈ ಕಲ್ಲಿನಿಂದ ಎಣಿಸಬೇಕು ಎಂಬುದನ್ನು ಮರೆಯಬಾರದು. ಎತ್ತರದ ಕಟ್ಟಡಕ್ಕೆ ಒತ್ತಿಕೊಂಡಿರುವ ಮರ ಬೆಳಕನ್ನು ಹುಡುಕಿಕೊಂಡು ಬೇರೆಡೆಗೆ ವಾಲಿರಬಹುದು. ನಾಲ್ಕೂ ಕಡೆ ತೆರೆದಿರುವ ಮರವನ್ನೇ ಆರಿಸಿಕೊಳ್ಳಿ.

ಊರ್ವಶಿಗೂ ಇದೇ ದಾರ ಹಿಡಿದರೆ ಅರ್ಥವಾಗುವ ಸಂಗತಿ ಬೇರೆ: ಅದಕ್ಕೆ ‘ತುದಿ’ ಎಂಬುದೇ ಇಲ್ಲ. ಶಂಕುಧಾರಿ ಒಂದೇ ನಡುಕಾಂಡವನ್ನು ಮೇಲಕ್ಕೆ ಒಯ್ಯುತ್ತದೆ, ಊರ್ವಶಿ ಕವಲೊಡೆದು ಗುಂಡಗೆ ಹರಡುತ್ತದೆ. ವಾಲಿದಾಗ ಮೈಯನ್ನು ಹಿಡಿದಿಡುವ ರೀತಿಯೂ ಎರಡು ಗುಂಪುಗಳಲ್ಲಿ ಬೇರೆ. ಶಂಕುಧಾರಿಗಳು ವಾಲಿದ ಕಡೆಯ ಕೆಳಭಾಗದಲ್ಲಿ ವಿಶೇಷ ಕಟ್ಟಿಗೆ ಕಟ್ಟಿಕೊಂಡು ಒತ್ತಿ ಎತ್ತುತ್ತವೆ. ಹೂಮರಗಳು ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಕಟ್ಟಿಕೊಂಡು ಎಳೆದು ಹಿಡಿಯುತ್ತವೆ.

ಕಟ್ಟಿಗೆಯನ್ನೇ ನೋಡಬೇಕೆಂದರೆ ಬಿದ್ದ ಒಣ ರೆಂಬೆಯ ತುದಿಯನ್ನು ಬ್ಲೇಡಿನಿಂದ ನುಣುಪಾಗಿ ಕತ್ತರಿಸಿ ಮಸೂರದಲ್ಲಿ ನೋಡಿರಿ. ಊರ್ವಶಿಯದರಲ್ಲಿ ನೀರು ಹರಿಯುವ ನಾಳಗಳು ಸೂಜಿಯಿಂದ ಚುಚ್ಚಿದ ರಂಧ್ರಗಳಂತೆ ಕಾಣುತ್ತವೆ. ಅರೌಕೇರಿಯಾದಲ್ಲಿ ಅಂಥ ರಂಧ್ರಗಳಿಲ್ಲ.

ನಾಲ್ಕನೆಯ ಹಂತ: ಎಲೆ

ಕ್ರಿಸ್‌ಮಸ್ ಮರದ ಕೆಳಗೆ ಸಿಗುವ ಹಗ್ಗದ ತುಂಡಿನಂಥ ವಸ್ತುವನ್ನು ಹಲವರು ಒಂದು ಎಲೆಯೆಂದು ಬರೆದುಕೊಳ್ಳುತ್ತಾರೆ. ಅದು ಇಡೀ ಕಿರುರೆಂಬೆ. ಈ ಮರ ಎಲೆಗಳನ್ನು ಒಂದೊಂದಾಗಿ ಉದುರಿಸದೆ ರೆಂಬೆಯ ಸಮೇತ ಕಳಚುತ್ತದೆ. ಅದರ ಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿಕೊಂಡಿರುವ ಸಣ್ಣ ರಚನೆಗಳೇ ಎಲೆಗಳು. ಎಳೆಯ ಗಿಡದಲ್ಲಿ ಅವು ಮೃದುವಾದ ಸೂಜಿಗಳಾಗಿದ್ದು, ಬಲಿತ ಮರದಲ್ಲಿ ಹುರುಪೆಗಳಾಗುತ್ತವೆ.

ಊರ್ವಶಿಯ ಕೆಳಗೆ ಬಿದ್ದಿರುವುದು ಬಹುತೇಕ ಒಂದು ಕಿರುಪತ್ರ, ಅಂದರೆ ಎಲೆಯ ಭಾಗ ಮಾತ್ರ. ಇಡೀ ಎಲೆಯಲ್ಲಿ ಅಂಥ ಆರರಿಂದ ಎಂಟು ಜೋಡಿಗಳಿರುತ್ತವೆ. ಆದ್ದರಿಂದ ಒಂದರ ಕಿರುಪತ್ರವನ್ನು ಇನ್ನೊಂದರ ಕಿರುರೆಂಬೆಯ ಪಕ್ಕದಲ್ಲಿಟ್ಟು ಉದ್ದ ಅಳೆದರೆ ಆ ಹೋಲಿಕೆಗೆ ಬೆಲೆಯಿಲ್ಲ. ಊರ್ವಶಿಯ ಚಿಗುರನ್ನು ಮಾತ್ರ ಮರದ ಮೇಲೆಯೇ ನೋಡಬೇಕು: ಒದ್ದೆ ಕರವಸ್ತ್ರ ನೇತುಹಾಕಿದಂತೆ ತಾಮ್ರಗೆಂಪು ಬಣ್ಣದಲ್ಲಿ ಜೋತುಬಿದ್ದಿರುತ್ತದೆ, ಹಸಿರಾದಂತೆ ಬಿಗಿಯಾಗಿ ಎದ್ದು ನಿಲ್ಲುತ್ತದೆ. ಸೀತಾ ಅಶೋಕದಲ್ಲೂ ಇದೇ ಜೋಲುಚಿಗುರು ಕಾಣುತ್ತದೆ.

ಐದನೆಯ ಹಂತ: ಹೂವು ಮತ್ತು ಶಂಕು

ಊರ್ವಶಿಯ ಹೂಗೊಂಚಲು ಕೊಂಬೆಯಿಂದ ಕೆಳಮುಖವಾಗಿ ಅರ್ಧ ಮೀಟರ್‌ಗೂ ಹೆಚ್ಚು ಉದ್ದಕ್ಕೆ ತೂಗುತ್ತದೆ. ಒಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೂಗಳಿರಬಹುದು. ಬಿದ್ದ ಹೂವೊಂದನ್ನು ಬಿಳಿ ಕಾಗದದ ಮೇಲಿಟ್ಟು ಹೊರಗಿನಿಂದ ಒಳಕ್ಕೆ ಬಿಡಿಸಿರಿ. ತೊಟ್ಟಿನ ಬಳಿ ಎರಡು ಕೆಂಪು ಕಿರುಹೊದಿಕೆಗಳು, ಒಳಗೆ ನಾಲ್ಕು ಕೆಂಪು ಪುಷ್ಪಪತ್ರಗಳು, ಆಮೇಲೆ ಎಸಳುಗಳು. ಎಸಳುಗಳನ್ನು ಎಣಿಸಿದಾಗ ಮೊದಲ ನೋಟಕ್ಕೆ ಮೂರೇ ಸಿಗುತ್ತವೆ: ತುದಿಯಲ್ಲಿ ಹಳದಿ ಮಚ್ಚೆಯಿರುವ ಅಗಲವಾದ ಒಂದು, ಅದರ ಅಕ್ಕಪಕ್ಕದಲ್ಲಿ ಎರಡು. ಉಳಿದೆರಡು ಎಷ್ಟು ಚಿಕ್ಕವೆಂದರೆ ಮಸೂರವಿಲ್ಲದೆ ಕಾಣುವುದಿಲ್ಲ. ಕೇಸರಗಳು ಹತ್ತು, ಒಂಬತ್ತು ಬುಡದಲ್ಲಿ ಕೂಡಿಕೊಂಡಿವೆ, ಹತ್ತನೆಯದು ಬಿಡಿ.

ಮೂರು ದೊಡ್ಡ ಎಸಳು, ಎರಡು ಹೆಸರಿಗಷ್ಟೇ ಇರುವ ಎಸಳು. ಈ ಲೆಕ್ಕವನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿದರೆ ನಮ್ಮ ಹುಣಸೆ ಹೂವನ್ನು ನೆನಪಿಸಿಕೊಳ್ಳಿ. ಅಲ್ಲೂ ಇದೇ ಲೆಕ್ಕ. ಊರ್ವಶಿ, ಹುಣಸೆ, ಸೀತಾ ಅಶೋಕ ಮೂರೂ ದ್ವಿದಳ ಕುಟುಂಬದ ಒಂದೇ ಉಪಕುಟುಂಬಕ್ಕೆ ಸೇರಿದವು. ಸಾರಿನ ಹುಣಸೆಗೆ ಊರ್ವಶಿ ದಾಯಾದಿ ಎಂದು ಮಕ್ಕಳಿಗೆ ಹೇಳಿದರೆ ಅವರು ಮರೆಯುವುದಿಲ್ಲ.

ಈಗ ಹೂವಿನ ನಡುವಿನಲ್ಲಿರುವ ಪುಟ್ಟ ಕೋಡಿನಂಥ ಅಂಡಾಶಯವನ್ನು ಬ್ಲೇಡಿನಿಂದ ಉದ್ದುದ್ದ ಸೀಳಿರಿ. ಒಳಗೆ ಬೆರಳೆಣಿಕೆಯ ಅಂಡಕಗಳು, ಅಂದರೆ ಮುಂದೆ ಬೀಜವಾಗುವ ಕಣಗಳು, ಸಾಲಾಗಿವೆ. ಪರಾಗ ನೇರವಾಗಿ ಅವುಗಳನ್ನು ಮುಟ್ಟಲಾರದು. ತುದಿಯ ಶಲಾಕಾಗ್ರದ (ಪರಾಗ ಹಿಡಿಯುವ ಭಾಗದ) ಮೇಲೆ ಇಳಿದು ಅಲ್ಲಿಂದ ಕೊಳವೆ ಬೆಳೆಸಬೇಕು. ಹೂಮರ ಎಂಬ ಮಾತಿನ ಸಾರ ಈ ಮುಚ್ಚಿದ ಕೋಣೆಯಲ್ಲಿದೆ, ಎಸಳಿನ ಬಣ್ಣದಲ್ಲಿಲ್ಲ.

ಕ್ರಿಸ್‌ಮಸ್ ಮರದಲ್ಲಿ ಅಂಥ ಕೋಣೆಯಿಲ್ಲ. ಮರದ ಕೆಳಗೆ ಬೆರಳುದ್ದದ ಕಂದು ಬಣ್ಣದ, ತುಸು ಬಾಗಿದ ವಸ್ತುಗಳು ಸಿಗುತ್ತವೆ. ಅವು ಗಂಡು ಶಂಕುಗಳು. ಹೊಸತಾಗಿ ಬಿದ್ದುದನ್ನು ಕಾಗದದ ಮೇಲೆ ಕೊಡವಿದರೆ ಹಳದಿ ಪರಾಗ ಉದುರುತ್ತದೆ. ಹೆಣ್ಣು ಶಂಕುಗಳು ಎತ್ತರದ ಕೊಂಬೆಗಳಲ್ಲಿ, ತೆಂಗಿನ ಎಳೆಗಾಯಿಯ ಗಾತ್ರದಲ್ಲಿ ಮೇಲ್ಮುಖವಾಗಿ ಕುಳಿತಿರುತ್ತವೆ. ದುರ್ಬೀನು ಬೇಕಾಗುವುದು ಇಲ್ಲಿ. ಅವು ಬಲಿತ ಮೇಲೆ ಮರದಲ್ಲೇ ಬಿಚ್ಚಿಕೊಳ್ಳುವುದರಿಂದ ಇಡೀ ಶಂಕು ಕೆಳಗೆ ಸಿಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ಅಂಚಿನಲ್ಲಿ ತೆಳು ರೆಕ್ಕೆಯಿರುವ ಬೆಣೆಯಾಕಾರದ ಹಲ್ಲೆಗಳನ್ನು, ಅಂದರೆ ಶಂಕುವಿನ ಬಿಡಿ ಚೂರುಗಳನ್ನು, ಹುಡುಕಿರಿ. ಒಂದೊಂದು ಹಲ್ಲೆಯಲ್ಲಿ ಒಂದೇ ಬೀಜ. ಗಾಳಿ ತಂದ ಪರಾಗ ಈ ಹಲ್ಲೆಗಳ ಮೇಲೆಯೇ ಇಳಿದು ಅಲ್ಲಿಂದಲೇ ಅಂಡಕದ ಕಡೆಗೆ ಕೊಳವೆ ಬೆಳೆಸುತ್ತದೆ.

ಆರನೆಯ ಹಂತ: ಅಪರೂಪವನ್ನು ಎರಡು ಕಡೆ ಅಳೆಯುವುದು

ಊರಿನಲ್ಲಿ ಎಷ್ಟಿವೆ, ಮೂಲ ನೆಲೆಯಲ್ಲಿ ಎಷ್ಟಿವೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ನಾರ್ಫಾಕ್ ಮರದ ಸ್ವಂತ ನಾಡು ಸುಮಾರು 35 ಚದರ ಕಿಲೋಮೀಟರ್‌ನ ದ್ವೀಪ. ಜಗತ್ತಿನ ಹೋಟೆಲುಗಳ ಮೊಗಸಾಲೆಗಳಲ್ಲೆಲ್ಲ ಕುಂಡದಲ್ಲಿ ನಿಂತಿರುವ ಈ ಜಾತಿ ತನ್ನ ನೆಲೆಯಲ್ಲಿ ಅಪಾಯದ ಪಟ್ಟಿಯಲ್ಲಿದೆ. ಕುಕ್ ಪೈನ್‌ನ ಮೂಲ ನೆಲೆಯೂ ನ್ಯೂ ಕ್ಯಾಲಿಡೋನಿಯಾ ಮಾತ್ರ. ಹೀಗಾಗಿ ‘ಸಾಮಾನ್ಯ’ ಎಂದು ಬರೆಯುವಾಗ ‘ನೆಟ್ಟದ್ದರಿಂದ ಸಾಮಾನ್ಯ’ ಎಂದು ಸೇರಿಸಬೇಕಾಗುತ್ತದೆ.

ನೆಡಲು ಸಾಧ್ಯವಾದದ್ದಾದರೂ ಏಕೆ? ಐದನೆಯ ಹಂತದಲ್ಲಿ ಬರೆದುಕೊಂಡ ಟಿಪ್ಪಣಿಯನ್ನು ಈಗ ತೆರೆಯಿರಿ. ಕುಕ್ ಪೈನ್‌ಗೆ ಗಾಳಿ ಸಾಕು, ಹಕ್ಕಿಯೋ ಹುಳುವೋ ಬರಬೇಕಿಲ್ಲ. ಬೀಜಗಳು ಹೇರಳವಾಗಿ ಬೀಳುತ್ತವೆ. ಕಡಲ ಉಪ್ಪುಗಾಳಿಯನ್ನೂ ತಡೆದುಕೊಳ್ಳುತ್ತದೆ. ಊರ್ವಶಿಯಾದರೋ ನೂರಾರು ಹೂ ಬಿಟ್ಟರೂ ಕಾಯಿಗೆ ನಿಲ್ಲುವುದು ತೀರ ಕಡಿಮೆ. ನಿಂತ ಕಾಯಿಯಲ್ಲೂ ಬೀಜಗಳು ಕೆಲವೇ. ಆದ್ದರಿಂದ ತೋಟಗಾರರು ಗೂಟಿ ಕಟ್ಟಿ, ಅಂದರೆ ಮರದ ಮೇಲಿರುವ ಕೊಂಬೆಯಲ್ಲೇ ಬೇರು ಬರಿಸಿ, ಸಸಿ ಮಾಡಬೇಕಾಗುತ್ತದೆ. ಬಿಸಿ ಮತ್ತು ತೇವ ಎರಡೂ ಬೇಕೆನ್ನುವ ಮರವಿದು; ಒಣಗಾಳಿಯನ್ನು ಸಹಿಸದು. ಡೆವನ್‌ಷೈರ್‌ನ ಡ್ಯೂಕ್ ಈ ಒಂದು ಮರಕ್ಕಾಗಿಯೇ ಎಂಬಂತೆ 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರರನ್ನು ಭಾರತಕ್ಕೆ ಕಳುಹಿಸಿದರು. 1837ರಲ್ಲಿ ಸಸಿ ಇಂಗ್ಲೆಂಡಿನ ಚಾಟ್ಸ್‌ವರ್ತ್ ತಲುಪಿತು, ಗಾಜಿನ ಮನೆಯಲ್ಲಿ ಬೆಳೆಯಿತು, ಆದರೆ ಅಲ್ಲಿ ಹೂ ಬಿಡಲೇ ಇಲ್ಲ. ಇಂಗ್ಲೆಂಡಿನಲ್ಲಿ ಮೊದಲ ಹೂ ಅರಳಿದ್ದು 1849ರಲ್ಲಿ, ಲೂಯಿಸಾ ಲಾರೆನ್ಸ್ ಅವರ ಈಲಿಂಗ್ ಪಾರ್ಕಿನಲ್ಲಿ. ಸುತ್ತ ಸಮುದ್ರವಿರುವ, ಜೋರು ಮಳೆಯ ಮುಂಬಯಿ ಆ ಡ್ಯೂಕ್‌ನ ಗಾಜಿನ ಮನೆಗಿಂತ ಅದಕ್ಕೆ ಹಿತವಾದ ಜಾಗ.

ನೋಟುಬುಕ್ಕಿನಲ್ಲಿ ಎರಡು ಮರಗಳಿಗೂ ಎದುರುಬದುರು ಪುಟಗಳನ್ನು ಕೊಡಿ. ಒಂದೇ ಸಾಲಿನಲ್ಲಿ ಒಂದೇ ಅಂಗ ಬರಲಿ: ಅಂಡಕದ ಎದುರಿಗೆ ಅಂಡಕ, ಎಲೆಯ ಎದುರಿಗೆ ಎಲೆ. ಎದುರಿಗೆ ಬರೆಯಲು ಏನೂ ಇಲ್ಲದಿದ್ದರೆ, ಉದಾಹರಣೆಗೆ ಎಸಳಿನ ಎದುರಿಗೆ, ಅಲ್ಲಿ ಗೆರೆ ಎಳೆದು ಬಿಡಿ. ಹೂವಿಗೆ ಸೂರಕ್ಕಿ ಬಂದರೆ ಹೊತ್ತು ಬರೆಯಿರಿ. ಒಂದು ಗೊಂಚಲನ್ನು ಆರಿಸಿಕೊಂಡು, ಅದು ಯಾವ ಕೊಂಬೆಯದೆಂದು ಚಿತ್ರ ಬಿಡಿಸಿ, ಹೂಗಳನ್ನು ಎಣಿಸಿಟ್ಟುಕೊಳ್ಳಿ. ಮಳೆ ಹಿಡಿಯುವ ಮುಂಚೆ ಇನ್ನೊಮ್ಮೆ ಹೋಗಿ ಅದೇ ಗೊಂಚಲಿನಲ್ಲಿ ಬಾಗಿದ ಕತ್ತಿಯಂಥ ಕೆಂಪು ಕಾಯಿ ಎಷ್ಟು ನಿಂತಿವೆ ಎಂದು ನೋಡಿರಿ. ನಾನು ಹೋದ ವರ್ಷ ಗುರುತಿಟ್ಟ ಗೊಂಚಲಿನ ಎದುರಿಗೆ ಸೊನ್ನೆ ಬರೆದು ಬಂದಿದ್ದೇನೆ.